ಜಯಮ್ಮನವರ ಫೋನು ಬಿಡದ ಹಳೇ ಪಟ್ಟಿ

ನನ್ನ ಬೆರಳುಗಳಿಗೆ ಒಂದು ಚಟ ಅಂಟಿಕೊಂಡಿದೆ. ಕಂಪ್ಯೂಟರಿನಲ್ಲಿ ಯಾವುದಾದರೂ ಪುಟದ ವಿಳಾಸ ಟೈಪ್ ಮಾಡಿದರೆ, ಅದು ಮುಗಿದ ಮೇಲೂ ಸುಮ್ಮನಿರದೆ ಕೊನೆಗೊಂದು ಪ್ರಶ್ನೆಯ ಚಿಹ್ನೆ ಒತ್ತಿ, ಅದರ ಪಕ್ಕದಲ್ಲಿ ತೋಚಿದ ಅಂಕಿಯೊಂದನ್ನು ಸೇರಿಸಿಬಿಡುತ್ತವೆ. ಮೊನ್ನೆ ಕರೆಂಟ್ ಬಿಲ್ ಕಟ್ಟುವಾಗಲೂ ಹಾಗೇ ಆಯಿತು. ಹಿಂದೆ ನಿಂತು ನೋಡುತ್ತಿದ್ದ ನಮ್ಮವರು, "ಕರೆಂಟಿನವರಿಗೂ ಪ್ರಶ್ನೆ ಹಾಕ್ತಿದ್ದೀಯಲ್ಲ ಲೀಲಾ, ಅವರು ಯಾವತ್ತು ಉತ್ತರ ಕೊಟ್ಟಿದ್ದಾರೆ?" ಎಂದು ನಕ್ಕರು. ನಾನೂ ನಗಬೇಕಿತ್ತು. ನಗು ಬಾಯಿಯ ತನಕ ಬಂದು ಹಾಗೇ ನಿಂತುಬಿಟ್ಟಿತು. ಅವರಿಗೂ ಗೊತ್ತಾಯಿತೇನೋ, ಪೇಪರು ಎತ್ತಿಕೊಂಡು ವರಾಂಡಕ್ಕೆ ಹೋದರು.

ಈ ಚಟ ನನಗೆ ಹತ್ತಿದ್ದು ಜಯಮ್ಮನವರಿಂದ. ಅವರಿಂದ ಅನ್ನುವುದಕ್ಕಿಂತ ಅವರ ಫೋನಿನಿಂದ. ಆ ವಿಷಯ ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕಾಗುತ್ತದೆ. ಸುತ್ತಿ ಬರುವುದು ನನಗೆ ಮೊದಲಿನಿಂದಲೂ ಅಭ್ಯಾಸ, ನಮ್ಮತ್ತೆಯವರು ಇದ್ದಾಗಲೇ, "ಇವಳ ಹತ್ರ ಉಪ್ಪು ಎಲ್ಲಿದೆ ಅಂತ ಕೇಳಿದ್ರೆ ಸಮುದ್ರದಿಂದ ಶುರು ಮಾಡ್ತಾಳೆ" ಅನ್ನುತ್ತಿದ್ದರು.

ನನ್ನ ತವರು ಕೆ.ಆರ್. ನಗರ. ಓದಿದ್ದು ಮೈಸೂರಿನ ಒಂದು ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ನಾವು ಹೈಸ್ಕೂಲಿಗೆ ಬರುವ ಹೊತ್ತಿಗೆ ಶಾಲೆಗೆ ಕಂಪ್ಯೂಟರ್ ಅನ್ನುವುದು ಬಂತು. ಒಂದೇ ಒಂದು. ಅದಕ್ಕೊಂದು ಕೋಣೆ, ಕೋಣೆಗೆ ಕರ್ಟನ್ನು, ಕಂಪ್ಯೂಟರಿಗೆ ಹೂವಿನ ಅಂಚಿನ ಬಟ್ಟೆಯ ಹೊದಿಕೆ. ಶೂ ಬಿಚ್ಚಿ ಹೊರಗಿಟ್ಟು, ಸಾಲಾಗಿ ಒಳಗೆ ಹೋಗಿ, ಕೈಕಟ್ಟಿ ನಿಂತು ನೋಡಿಕೊಂಡು ಬರಬೇಕು. ಮುಟ್ಟುವ ಹಾಗಿಲ್ಲ. ರಟ್ಟಿನ ಮೇಲೆ ಕೀಲಿಗಳ ಚಿತ್ರ ಬರೆದುಕೊಂಡು ಅದರ ಮೇಲೆ ಬೆರಳಾಡಿಸಿ ಟೈಪಿಂಗ್ ಕಲಿತವರು ನಾವು. ಏನು ಒತ್ತಿದರೂ ತಪ್ಪಾಗುತ್ತಿರಲಿಲ್ಲ. ಅಷ್ಟು ನಿಶ್ಚಿಂತೆಯಿಂದ ನಾನು ಆಮೇಲೆ ಯಾವತ್ತೂ ಟೈಪ್ ಮಾಡಿಲ್ಲ.

ಆ ಕ್ಲಾಸು ತೆಗೆದುಕೊಳ್ಳುತ್ತಿದ್ದವರು ಸಿಸ್ಟರ್ ಆಗ್ನೆಸ್. ಅವರಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಹಾಗಂತ ಅವರು ಯಾರಿಗೂ ಹೇಳಿದವರಲ್ಲ. ಎಡಗಡೆ ಕೂತ ಹುಡುಗಿಯರು ಉತ್ತರ ಕೊಟ್ಟರೆ ಕೊಡಲಿಲ್ಲವೆಂದು ಬೈಯುತ್ತಿದ್ದರು, ಅಷ್ಟೇ. ಮೆಲುದನಿಯ ಹುಡುಗಿಯರಿಗೆಲ್ಲ ಎಡಗಡೆ ಕೂತರೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ ಗ್ಯಾರಂಟಿ. ಒಂದು ದಿನ ನಾವು ಯಾರೂ ಯಾರಿಗೂ ಹೇಳದೆ ಜಾಗ ಬದಲಾಯಿಸಿಕೊಂಡೆವು. ಗಟ್ಟಿ ಗಂಟಲಿನವರು ಎಡಕ್ಕೆ, ನನ್ನಂಥವರು ಬಲಕ್ಕೆ. ಆ ವರ್ಷವೆಲ್ಲ ಸಿಸ್ಟರ್ ನಮ್ಮನ್ನು ಬೈಯಲಿಲ್ಲ. ಕೊನೆಯ ದಿನ, "ಈ ಬ್ಯಾಚು ಬಹಳ ಸುಧಾರಿಸಿತು" ಎಂದರು. ಸುಧಾರಿಸಿದ್ದು ಬೆಂಚು ಮಾತ್ರ.

ಇದನ್ನು ಯಾಕೆ ಹೇಳಿದೆ ಅಂದರೆ, ಆಮೇಲೆ ನಾನು ಮನೆಯಲ್ಲಿ ಕೂತು ಮಾಡಿದ ಕೆಲಸವೆಲ್ಲ ಇದೇ.

ನಮ್ಮವರು ಟೆಲಿಫೋನ್ ಕೆಲಸದಲ್ಲಿದ್ದು ನಿವೃತ್ತರಾದವರು. ಮದುವೆಯಾಗಿ ಹುಣಸೂರಿಗೆ ಬಂದಾಗಿನಿಂದ ಅವರ ತಂತಿ, ಸ್ಕ್ರೂ, ಬೆಸುಗೆಯ ವಾಸನೆಯ ಜೊತೆಗೇ ನಾನು ಸಂಸಾರ ಮಾಡಿದ್ದು. ನಿವೃತ್ತರಾದ ಎರಡನೆಯ ವರ್ಷ ಕಾಲು ಊದಿಕೊಳ್ಳಲು ಶುರುವಾಯಿತು. ಬಿಪಿ ಅಂದರು, ಆಮೇಲೆ ಕಿಡ್ನಿ ಅಂದರು, ಆಮೇಲೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಅಂದರು. ರಕ್ತವನ್ನೆಲ್ಲ ಹೊರಗೆ ತೆಗೆದು, ತೊಳೆದು, ಮತ್ತೆ ಒಳಗೆ ಬಿಡುವ ಯಂತ್ರ. ಎಡಗೈ ಮಣಿಕಟ್ಟಿನ ಮೇಲೆ ಒಂದು ರಕ್ತನಾಳವನ್ನು ಇನ್ನೊಂದಕ್ಕೆ ಸೇರಿಸಿ ಹೊಲಿದಿದ್ದಾರೆ. ಬೆರಳಿಟ್ಟರೆ ಒಳಗೆ ಜೇನುಹುಳ ಸಿಕ್ಕಿಕೊಂಡ ಹಾಗೆ ಜುಂಯ್ ಅನ್ನುತ್ತದೆ. ಬೆಳಿಗ್ಗೆ ಕಾಫಿ ಕೊಡುವಾಗ ಒಮ್ಮೆ ಮುಟ್ಟಿ ನೋಡುತ್ತೇನೆ. ಅದು ಜುಂಯ್ ಅಂದರೆ ನನ್ನ ದಿನ ಶುರುವಾಗುತ್ತದೆ.

ಅಂಥ ಮನೆಯ ಅಡುಗೆ ಹೇಗಿರುತ್ತದೆಂದು ಅನುಭವಿಸಿದವರಿಗೇ ಗೊತ್ತು. ಆಲೂಗಡ್ಡೆ ಹೆಚ್ಚಿ ನೀರಿನಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ, ಬೇಯಿಸಿ, ಬೇಯಿಸಿದ ನೀರನ್ನೂ ಚೆಲ್ಲಿ, ಆಮೇಲೆ ಒಗ್ಗರಣೆ. ಎಳನೀರು ಇಲ್ಲ, ಬಾಳೆಹಣ್ಣು ಇಲ್ಲ. ಕುಡಿಯುವ ನೀರಿಗೂ ಅಳತೆ. ಬೇಸಿಗೆಯಲ್ಲಿ ಅವರು ಒಂದು ತುಂಡು ಐಸನ್ನು ಬಾಯಲ್ಲಿಟ್ಟುಕೊಂಡು ಕರಗಿಸುವಾಗ ನಾನು ಅಡುಗೆಮನೆಗೆ ಹೋಗಿ ಗೋಡೆಯ ಕಡೆ ತಿರುಗಿಕೊಂಡು ನೀರು ಕುಡಿಯುತ್ತೇನೆ.

ನಮ್ಮ ಡಯಾಲಿಸಿಸ್ ಕೇಂದ್ರದ ಹೊರಗೊಂದು ಕಾಯುವ ಹಾಲ್ ಇದೆ. ಅಲ್ಲಿ ಕೂರುವವರು ಹೆಚ್ಚಾಗಿ ಹೆಂಗಸರು. ಒಳಗೆ ನಾಲ್ಕು ಗಂಟೆ ಗಂಡನೋ ತಾಯಿಯೋ ಯಂತ್ರಕ್ಕೆ ಅಂಟಿಕೊಂಡು ಮಲಗಿದ್ದರೆ, ಹೊರಗೆ ನಾವು ಅವರೇಕಾಯಿ ಸುಲಿಯುತ್ತಾ ಕೂತಿರುತ್ತೇವೆ. ಯಂತ್ರಗಳು ಬೆರಳೆಣಿಕೆಯವು. ಒಂದು ಕೆಟ್ಟರೆ, ಅಥವಾ ನೀರು ಶುದ್ಧ ಮಾಡುವ ಘಟಕ ನಿಂತರೆ, ಎಲ್ಲರ ಸರದಿಯೂ ಆಚೀಚೆ ಆಗುತ್ತದೆ. ಅದನ್ನು ತಿಳಿಸಲು ಮೊದಲು ವಾಟ್ಸಾಪ್ ಗುಂಪು ಮಾಡಿದರು. ಒಂದೇ ವಾರದಲ್ಲಿ ಸರದಿಯೆಲ್ಲ ಗುಡ್ ಮಾರ್ನಿಂಗ್ ಗುಲಾಬಿಗಳ ಕೆಳಗೆ ಹೂತುಹೋಯಿತು. ಕಿಡ್ನಿಗೆ ನುಗ್ಗೆಸೊಪ್ಪಿನ ಕಷಾಯ ಕುಡಿಸಿ ಅಂತ ಯಾರೋ ಕಳಿಸಿದ್ದನ್ನು ಇನ್ಯಾರೋ ಕುಡಿಸಿ, ಅದೊಂದು ದೊಡ್ಡ ಗಲಾಟೆಯಾಯಿತು. ಮೇಲಾಗಿ ಅರ್ಧ ಜನರ ಕೈಯಲ್ಲಿದ್ದದ್ದು ಗುಂಡಿ ಫೋನು.

ಆಗ ನಮ್ಮವರು ಯಂತ್ರಕ್ಕೆ ಅಂಟಿಕೊಂಡು ಮಲಗಿದ್ದಲ್ಲೇ ಯೋಚನೆ ಮಾಡಿದರು. ಮನೆಯಲ್ಲಿ ಶೋಕೇಸಿನ ಕೆಳಗೆ ಹಳೆಯ ಕಂಪ್ಯೂಟರ್ ಇತ್ತು. "ನಮ್ಮದೇ ಇಂಟರ್ನೆಟ್ ಲೈನಿದೆ, ನಮ್ಮದೇ ಯುಪಿಎಸ್ ಇದೆ. ಒಂದು ಪುಟ ತಾನೇ? ನಾವೇ ಇಡೋಣ" ಎಂದರು. ಹೀಗೆ ನಮ್ಮ ಮನೆಯ ಹಾಲಿನಲ್ಲಿ ಸರ್ವರ್ ಅನ್ನುವುದು ಪ್ರತಿಷ್ಠಾಪನೆಯಾಯಿತು. ಯಾರು ಎಲ್ಲಿಂದ ಕೇಳಿದರೂ ಯಾರ ಸರದಿ ಯಾವ ದಿನ, ಎಷ್ಟು ಗಂಟೆಗೆ ಎಂಬ ಆ ಹೊತ್ತಿನ ಪಟ್ಟಿ ಕೊಡುವುದು ಅದರ ಕೆಲಸ. ಕೇಂದ್ರದ ಟೆಕ್ನಿಷಿಯನ್ ಮಹೇಶ ತನ್ನ ಫೋನಿನಿಂದ ಹೆಸರು, ದಿನ, ಗಂಟೆ ಬದಲಾಯಿಸುತ್ತಿದ್ದ. ನಮ್ಮವರ ಕಣ್ಣು ಅಷ್ಟರಲ್ಲಿ ಮಂಜಾಗಿತ್ತು. ಅವರು ಹೇಳುವುದು, ನಾನು ಟೈಪ್ ಮಾಡುವುದು. ಸಾರು ಕುದಿಯುತ್ತಿರುವಾಗ ಎದ್ದು ಬಂದು ಎರಡು ಸಾಲು ಬರೆದು ಹೋಗುತ್ತಿದ್ದೆ. ರಟ್ಟಿನ ಮೇಲೆ ಕಲಿತದ್ದು ಕಡೆಗೂ ಉಪಯೋಗಕ್ಕೆ ಬಂತು.

ಪುಟ ಮಾಡುವುದು ಸುಲಭ ಕಣ್ರೀ. ಕಷ್ಟ ಇರುವುದು ಬ್ರೌಸರುಗಳ ಜೊತೆ ಏಗುವುದರಲ್ಲಿ. ಪುಟವನ್ನು ತರಿಸಿ ತೋರಿಸುವ ಕಿಟಕಿಗೆ ಬ್ರೌಸರ್ ಅನ್ನುತ್ತಾರೆ. ಒಂದೊಂದು ಫೋನಿನಲ್ಲಿ ಒಂದೊಂದು ಬಗೆ, ಒಂದೊಂದಕ್ಕೂ ಒಂದೊಂದು ಊನ. ಪಿರಿಯಾಪಟ್ಟಣದ ಒಬ್ಬರ ಫೋನಿನಲ್ಲಿ ಕನ್ನಡವೆಲ್ಲ ಖಾಲಿ ಚೌಕಗಳಾಗಿ ಕಾಣುತ್ತಿತ್ತು. ಆ ಫೋನು ಕೇಳಿದಾಗ ಮಾತ್ರ ಪಟ್ಟಿಯ ಚಿತ್ರ ತೆಗೆದು ಕಳಿಸುವ ಹಾಗೆ ಮಾಡಿದೆವು. ಸಾಲಿಗ್ರಾಮದ ಒಬ್ಬರ ಫೋನು ಪುಟದ ಕೊನೆಯ ಸಾಲನ್ನು ನುಂಗುತ್ತಿತ್ತು. ಏನು ಮಾಡಿದರೂ ಬಿಡಲಿಲ್ಲ. ಕಡೆಗೆ ಪಟ್ಟಿಯ ಕೆಳಗೆ ಅರ್ಥವಿಲ್ಲದ ಒಂದು ಸಾಲು ಚುಕ್ಕಿಗಳನ್ನು ಸೇರಿಸಿದೆವು. ನುಂಗುವುದಾದರೆ ಅದನ್ನು ನುಂಗಲಿ.

ಫೋನು ಯಾರದೆಂದು ಸರ್ವರಿಗೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಬಹುದು. ಪ್ರತಿ ಬ್ರೌಸರೂ ಬಾಗಿಲಲ್ಲಿ ನಿಂತು ತಾನು ಇಂಥದ್ದು ಎಂದು ಹೇಳಿಕೊಂಡೇ ಒಳಗೆ ಬರುವುದು. ಅದರಲ್ಲೂ ಸುಳ್ಳು. ಯಾವುದೋ ಕಾಲದ ದೊಡ್ಡ ಮನೆತನದ ಹೆಸರನ್ನು ಮೊದಲು ಹೇಳಿ, ಆಮೇಲೆ ಗೊಣಗುವ ದನಿಯಲ್ಲಿ ತನ್ನ ನಿಜ ಹೆಸರು ಹೇಳುತ್ತದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂರುವ ಮೊದಲು ತಾವು ಪಟೇಲರ ಕಡೆಯವರು ಎಂದು ಹೇಳಿಕೊಳ್ಳುವವರ ಹಾಗೆ.

"ಇದು ಅವರ ಬ್ರೌಸರಿನ ತಪ್ಪಲ್ವಾ? ನಾವ್ಯಾಕೆ ನಮ್ಮ ಪುಟ ಕೆಡಿಸಿಕೊಳ್ಳಬೇಕು?" ಎಂದು ನಾನು ಶುರುವಿನಲ್ಲಿ ಕೇಳಿದ್ದೆ.

"ತಪ್ಪು ಅವರದೇ. ಆದರೆ ಅವರ ಫೋನು ನಮ್ಮ ಕೈಯಲ್ಲಿಲ್ಲ, ನಮ್ಮ ಉತ್ತರ ನಮ್ಮ ಕೈಯಲ್ಲಿದೆ" ಎಂದರು ನಮ್ಮವರು.

ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮತ್ತೆಯವರಿಗೆ ಸಾರಿಗೆ ಉಪ್ಪು ಕಮ್ಮಿ ಅಂತ ನಾನು ಹೇಳಿದರೆ ಹಾಕುತ್ತಿರಲಿಲ್ಲ. "ಇವತ್ತು ಖಾರ ಒಂದು ಚೂರು ಮುಂದಾಗಿದೆ" ಅಂದರೆ, ಅದನ್ನು ತಗ್ಗಿಸಲು ತಾವೇ ಉಪ್ಪು ಹಾಕುತ್ತಿದ್ದರು. ಖಾರ ಸರಿಯಾಗೇ ಇರುತ್ತಿತ್ತು. ಊರಿನವರ ಊನಕ್ಕೆಲ್ಲ ನಮ್ಮ ಮಾತನ್ನು ಬಗ್ಗಿಸುವುದು, ಮಡಿಸುವುದು, ಚುಕ್ಕಿ ಸೇರಿಸುವುದು. ಬಗ್ಗಿ ಬಗ್ಗಿ ಒಂದು ದಿನ ಬೆನ್ನು ನೆಟ್ಟಗಾಗುವುದಿಲ್ಲ ಅನ್ನುವುದೂ ಗೊತ್ತು. ಇರಲಿ.

ಜಯಮ್ಮನವರು ಸರಗೂರಿನಿಂದಾಚೆ ಒಂದು ಹಳ್ಳಿಯವರು. ಯಜಮಾನರು ಚಿಕ್ಕಣ್ಣ. ಅವರ ಹತ್ತಿರದಲ್ಲೆಲ್ಲೂ ಯಂತ್ರದ ಜಾಗ ಖಾಲಿಯಿರದೆ ಹುಣಸೂರಿಗೆ ಬರುತ್ತಿದ್ದರು. ನಸುಕಿನ ಬಸ್ಸು ಹಿಡಿದು ಹ್ಯಾಂಡ್‌ಪೋಸ್ಟಿನ ಕೂಡುರಸ್ತೆಗೆ ಬಂದು, ಅಲ್ಲಿ ಇಳಿದು ಇನ್ನೊಂದು ಬಸ್ಸು. ಚಿಕ್ಕಣ್ಣನವರು ತೆಳ್ಳನೆಯ ಮನುಷ್ಯ, ಬಾಯಿ ಮಾತ್ರ ಬಲು ಜೋರು. ಸೂಜಿ ಚುಚ್ಚುವಾಗಲೂ ತಮಾಷೆ. "ಈ ಮಿಷನ್ನು ನಮ್ ಬೀಗ ಇದ್ದಂಗೆ ಕಣವ್ವ. ವಾರಕ್ಕೆರಡು ಕಿತ ಮನೆಗೆ ಬರ್ನೇಬೇಕು ಅಂತಾನೆ. ಬರ್ದೇ ಇದ್ರೆ ಮುನಿಸ್ಕೋತಾನೆ" ಅನ್ನುತ್ತಿದ್ದರು.

ಮುನಿಸು ಎಂಥದ್ದು ಅಂತ ನಾವೆಲ್ಲ ಬಲ್ಲೆವು. ಒಂದು ಸರದಿ ತಪ್ಪಿದರೆ ಮೈಯ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಶ್ವಾಸಕೋಶಕ್ಕೆ ಏರುತ್ತದೆ. ಮಲಗಿದರೆ ಉಸಿರು ಸಿಕ್ಕುವುದಿಲ್ಲ. ಒಣ ನೆಲದ ಮೇಲೆ ಮುಳುಗುವುದು ಅದು.

ಒಂದು ಸಲ ನೀರಿನ ಘಟಕ ಕೆಟ್ಟು ಅವರ ಸರದಿ ಒಂದು ದಿನ ಮೊದಲಿಗೆ ಬಂತು. ಮಹೇಶ ಪಟ್ಟಿ ಬದಲಾಯಿಸಿದ. ಎಲ್ಲರ ಫೋನಿನಲ್ಲೂ ಬದಲಾಯಿತು. ಜಯಮ್ಮನವರು ಮಾತ್ರ ಮರುದಿನ ಬೆಳಿಗ್ಗೆ ಬಂದು ನಿಂತರು. ಬೆನ್ನ ಹಿಂದೆ ಚಿಕ್ಕಣ್ಣ, ಮುಖ ಊದಿಕೊಂಡು ಕಣ್ಣು ಗೆರೆಯಾಗಿತ್ತು. ಒಳಗೆ ಎಲ್ಲ ಯಂತ್ರಗಳ ಮೇಲೂ ಜನ. ಜಯಮ್ಮ ಫೋನು ತೆಗೆದು ನನ್ನ ಮುಖದ ಮುಂದೆ ಹಿಡಿದರು. "ನೋಡ್ರವ್ವ, ಇವತ್ತೇ ಅಂತ ಐತೆ. ನಾನೇನು ಸುಳ್ಳು ಏಳ್ತೀನಾ?"

ಸುಳ್ಳಲ್ಲ. ಫೋನಿನಲ್ಲಿ ಹಾಗೇ ಇತ್ತು. ಮೂರು ದಿನದ ಹಿಂದಿನ ಪಟ್ಟಿ.

ಚಿಕ್ಕಣ್ಣನವರು ಏದುಸಿರಿನ ನಡುವೆಯೂ, "ಆ ಫೋನು ಇವಳ ಥರಾನೇ ಕಣವ್ವ. ಒಂದು ಕಿತ ತಲೇಲಿ ಕೂತದ್ದು ಏಳಾಕಿಲ್ಲ" ಎಂದರು.

"ನಿಮ್ ನಾಲ್ಗೇಗೂ ಒಂದು ಮಿಷನ್ ಹಾಕುಸ್ಬೇಕು, ಸುಮ್ಕೆ ಕುಂತ್ಕಳಿ" ಎಂದು ಜಯಮ್ಮ ಗದರಿದರು. ಗದರುತ್ತಲೇ ಸೆರಗಿನಿಂದ ಅವರ ಕತ್ತಿನ ಬೆವರು ಒರೆಸಿದರು. ಸಂಜೆಯ ತನಕ ಬೆಂಚಿನ ಮೇಲೆ ಕೂತರು. ಮಲಗಲು ಆಗುತ್ತಿರಲಿಲ್ಲ. ಸಂಜೆ ಒಬ್ಬರನ್ನು ಬೇಗ ಇಳಿಸಿ ಇವರನ್ನು ಹತ್ತಿಸಿದಾಗ ಉಗುರು ನೀಲಿಯಾಗಿತ್ತು. ಬದುಕಿಕೊಂಡರು.

ಆ ಫೋನಿನ ಬ್ರೌಸರಿಗೆ ಒಂದು ರೋಗವಿತ್ತು. ಒಮ್ಮೆ ತಂದ ಪುಟವನ್ನು ಒಳಗೆ ಬಚ್ಚಿಟ್ಟುಕೊಂಡು, ಮುಂದಿನ ಸಲ ಕೇಳಿದರೆ ನಮ್ಮ ಸರ್ವರಿನ ತನಕ ಬಾರದೆ ಅದನ್ನೇ ಎತ್ತಿ ತೋರಿಸುವುದು. ಇಂಟರ್ನೆಟ್ಟಿನ ಖರ್ಚು ಉಳಿಸಲು ಯಾರೋ ಹಾಗೆ ಮಾಡಿರಬೇಕು. ಇದನ್ನು ಇಟ್ಟುಕೊಳ್ಳಬೇಡ ಎಂದು ಪ್ರತಿ ಪುಟದ ತಲೆಯ ಮೇಲೂ ಸರ್ವರ್ ಬರೆದು ಕಳಿಸುತ್ತದೆ. ಒಳ್ಳೆಯ ಬ್ರೌಸರುಗಳು ಅದನ್ನು ಪಾಲಿಸುತ್ತವೆ. ಇದು ಓದುತ್ತಲೇ ಇರಲಿಲ್ಲ.

ನಮ್ಮವರು ಪ್ರಶ್ನೆಯ ಚಿಹ್ನೆಯ ಉಪಾಯ ಹೇಳಿದರು. ವಿಳಾಸದ ಕೊನೆಗೆ ಪ್ರಶ್ನೆಯ ಚಿಹ್ನೆ, ಒಂದು ಹೊಸ ಅಂಕಿ. ಪುಟ ಅದೇ, ಆದರೆ ಬ್ರೌಸರು ಇದ್ಯಾವುದೋ ಹೊಸ ಮನೆ ಅಂದುಕೊಂಡು ಬಂದು ಕೇಳುತ್ತದೆ. ನಾನು ದಿನಗಟ್ಟಲೆ ಕೂತು ನೂರಾರು ಸಲ ಹಾಗೆ ಟೈಪ್ ಮಾಡಿ ಪರೀಕ್ಷೆ ಮಾಡಿದೆ. ಬೆರಳಿಗೆ ಚಟ ಹತ್ತಿದ್ದು ಆಗಲೇ. ಆದರೆ ಜಯಮ್ಮ ವಿಳಾಸವನ್ನೇ ಟೈಪ್ ಮಾಡುವವರಲ್ಲ. ಹ್ಯಾಂಡ್‌ಪೋಸ್ಟಿನ ಮೊಬೈಲ್ ಅಂಗಡಿಯವರು ಒಂದು ಗುಂಡಿಗೆ ಅದನ್ನು ಕಟ್ಟಿಕೊಟ್ಟಿದ್ದರು. ಅದು ಸದಾ ಅದೇ ವಿಳಾಸ. ಸರಿ, ಆ ಫೋನು ಬಂದರೆ ಸರ್ವರೇ ಹೊಸ ಅಂಕಿಯ ವಿಳಾಸಕ್ಕೆ ಕಳಿಸಲಿ ಎಂದು ಬರೆದೆವು. ಆ ಮಹಾರಾಯ ಬ್ರೌಸರು, ನಾವು ಅವತ್ತು ಕಳಿಸಿದ ದಾರಿಯನ್ನೂ ನೆನಪಿಟ್ಟುಕೊಂಡು ದಿನವೂ ಅಲ್ಲಿಗೇ ಹೋಗತೊಡಗಿತು.

"ಹೊಸ ಫೋನು ತಗೊಳ್ಳಿ ಜಯಮ್ಮ, ನಾವೇ ಕೊಡಿಸ್ತೀವಿ" ಅಂದೆ ಒಂದು ದಿನ.

"ಬ್ಯಾಡಿ ಕಣವ್ವ. ಇದ್ರಲ್ಲಿ ಯಾವ್ ಗುಂಡಿ ಎಲ್ಲೈತೆ ಅಂತ ಕತ್ಲಲ್ಲೂ ಗೊತ್ತಾಯ್ತದೆ. ಅವ್ರಿಗೆ ಉಸ್ರು ಕಟ್ಟಿದಾಗ ನಾನು ಹೊಸ ಫೋನ್ ಕಲಿತಾ ಕುಂತಿರ್ಲಾ?"

ಕಡೆಗೆ ನಮ್ಮವರಿಗೇ ಹೊಳೆಯಿತು. ಬ್ರೌಸರು ಪುಟವನ್ನು ಕೇಳಿದರೆ ತಾನೇ ಹಳೆಯದನ್ನು ತೋರಿಸುವುದು? ಕೇಳುವ ಬದಲು ಏನನ್ನಾದರೂ ಒಪ್ಪಿಸಲು ಬರುವಂತೆ ಮಾಡಬೇಕು. ಅರ್ಜಿ ತುಂಬಿ ಕಳಿಸುತ್ತಾರಲ್ಲ, ಹಾಗೆ. ಒಪ್ಪಿಸಲು ಬಂದಾಗ ಕೊಟ್ಟ ಉತ್ತರವನ್ನು ಎಂಥ ಹಳೆಯ ಬ್ರೌಸರೂ ಬಚ್ಚಿಡುವುದಿಲ್ಲ. ನಮ್ಮ ಎದುರುಮನೆಯಾಕೆಯ ಹತ್ತಿರ ಕರಿಬೇವು ಕೇಳಿದರೆ ಇಲ್ಲವೆನ್ನುತ್ತಾರೆ. ಒಂದು ಬಟ್ಟಲು ಪಾಯಸ ತೆಗೆದುಕೊಂಡು ಹೋದರೆ, ಬಟ್ಟಲು ಖಾಲಿ ಕೊಡಬಾರದೆಂದು ಕರಿಬೇವಿನ ಗರಿಯನ್ನೇ ಮುರಿದು ಹಾಕುತ್ತಾರೆ. ಹಾಗೆ.

ಜಯಮ್ಮನವರ ಫೋನಿಗೆ ಒಂದು ಸಣ್ಣ ಪುಟ ಮಾಡಿದೆ. ಅದರಲ್ಲಿ ಒಂದೇ ಗುಂಡಿ, "ಇಂದಿನ ಪಟ್ಟಿ ತೋರಿಸಿ" ಎಂದು. ಒತ್ತಿದರೆ ಏನೋ ಒಪ್ಪಿಸಿದ ಹಾಗಾಗಿ ಹೊಸ ಪಟ್ಟಿ ಬರಬೇಕು. ಕಾಯುವ ಹಾಲಿನಲ್ಲೇ ಅವರ ಫೋನಿಗೆ ಹೊಸ ವಿಳಾಸ ಕಟ್ಟಿಕೊಟ್ಟೆ. ಜಯಮ್ಮ ಒತ್ತಲಿಲ್ಲ. ಹಿಂದೆಂದೋ ಹೀಗೆ ಏನನ್ನೋ ಒತ್ತಿದ್ದಕ್ಕೆ ಫೋನಿಗೆ ಹಾಡು ಬಂದು ಕೂತು, ದಿನಾ ಕರೆನ್ಸಿ ಕತ್ತರಿಸಿತ್ತಂತೆ. "ಒತ್ತು ಅಂತ ಏಳೋದೆಲ್ಲ ದುಡ್ ತಿನ್ನೋದೇ ಕಣವ್ವ."

ಹಾಗಾದರೆ ಗುಂಡಿಯ ಮೇಲೆ ಅವರ ನಂಬಿಕೆಯದೇ ಏನಾದರೂ ಇರಲಿ ಎಂದು ಮನೆಯಲ್ಲಿ ಚಿಕ್ಕಣ್ಣ ಅಂತ ಬರೆದು, ಮುಂದಿನ ಸರದಿಯ ದಿನ ಮತ್ತೊಂದು ಹೊಸ ವಿಳಾಸ ಕಟ್ಟಿಕೊಟ್ಟೆ. ಕಾನ್ವೆಂಟಿನ ಬುದ್ಧಿ ಅಂದರೆ ಇದೇ. ಜಯಮ್ಮ ಫೋನನ್ನು ದೂರ ಹಿಡಿದು, ಅಕ್ಷರ ಕೂಡಿಸಿ ಓದಿ, ನಾಲಿಗೆ ಕಚ್ಚಿಕೊಂಡರು.

"ಅಯ್ಯೋ, ಯಜಮಾನ್ರ ಹೆಸ್ರು! ಬಾಯಲ್ಲೇ ಏಳಾಕಿಲ್ಲ, ಇನ್ನು ಅದ್ರ ಮ್ಯಾಲೆ ಎಬ್ಬೆಟ್ಟು ಮಡಗಿ ಒತ್ತಾದಾ?"

ಒಳಗಿನಿಂದ ಚಿಕ್ಕಣ್ಣನವರ ದನಿ ಕೇಳಿತು. "ಒತ್ತು ಒತ್ತು. ಮದ್ವೆ ಆದಾಗ್ಲಿಂದ ಕತ್ತಿನ ಮ್ಯಾಲೆ ಒತ್ತಿದ್ದೀಯ, ಇದೇನು ಮಹಾ!"

ಹಾಲಿನಲ್ಲಿದ್ದವರೆಲ್ಲ ನಕ್ಕೆವು. ಆ ಹಾಲಿನಲ್ಲಿ ಅಷ್ಟು ಜನ ಒಟ್ಟಿಗೆ ನಕ್ಕದ್ದನ್ನು ನಾನು ಮತ್ತೆ ನೋಡಿಲ್ಲ.

ಯೋಚನೆ ಮಾಡಿ, ಯಾರದಾದರೂ ಮನೆಯ ಬಾಗಿಲಲ್ಲಿ ನಿಂತವರು ಕೇಳುವ ಮಾತನ್ನೇ ಬರೆದೆ. "ಯಾವಾಗ ಬರಲಿ?" ಮುಂದಿನ ಸಲ ಬಂದಾಗ ಜಯಮ್ಮ ಓದಿದರು, ಇದು ಸರಿ ಅನ್ನುವ ಹಾಗೆ ತಲೆಯಾಡಿಸಿ ಒತ್ತಿದರು. ಆ ದಿನದ ಪಟ್ಟಿ ಬಂತು. ಮಹೇಶನಿಗೆ ಹೇಳಿ ಗಂಟೆ ಬದಲು ಮಾಡಿಸಿದೆ, ಮತ್ತೆ ಒತ್ತಿದರು, ಬದಲಾಗಿ ಬಂತು. ಅವತ್ತು ಮನೆಗೆ ಹೋಗಿ ನಾನು ಅಕ್ಕಿ ಪಾಯಸ ಮಾಡಿದೆ. ಒಂದು ಚಮಚ ಇವರಿಗೂ ಕೊಟ್ಟೆ.

ಆಮೇಲೆ ಆ ಫೋನು ಒಂದು ದಿನವೂ ತಪ್ಪು ತೋರಿಸಲಿಲ್ಲ. ಚಿಕ್ಕಣ್ಣನವರ ಸರದಿ ಒಂದೂ ತಪ್ಪಲಿಲ್ಲ.

ನಮ್ಮ ಪಟ್ಟಿಗೆ ಇನ್ನೊಂದು ಕಟ್ಟಲೆಯಿತ್ತು. ಅದನ್ನು ಕಾಯುವ ಹಾಲಿನ ಹೆಂಗಸರು ಮಾಡಿದ್ದು. ಪಟ್ಟಿಯಲ್ಲಿರುವ ಹೆಸರುಗಳು ಒಂದೊಂದಾಗಿ ಹೋಗುತ್ತಿದ್ದವು. ಅದು ಅಲ್ಲಿ ವಿಶೇಷವಲ್ಲ. ಆದರೆ ಹೋದವರ ಹೆಸರನ್ನು ಹನ್ನೊಂದನೆಯ ದಿನದ ತಿಥಿ ಆಗುವ ತನಕ ಅಳಿಸಬಾರದು. ಅವರ ಯಂತ್ರವನ್ನು ಕಾಯುತ್ತಿರುವವರಿಗೆ ಕೊಡಲಿ, ಹೊಸ ಹೆಸರು ಕೆಳಗೆ ಬರಲಿ. ಹಳೆಯ ಹೆಸರು ಮೇಲೆ ಹಾಗೇ ಇರಲಿ, ಗಂಟೆಯಿಲ್ಲದೆ. ಮಹೇಶ ಇದನ್ನು ತಪ್ಪದೆ ನಡೆಸುತ್ತಿದ್ದ. ಅವನಿಗೆ ಬೇರೆ ಕಡೆ ಕೆಲಸ ಸಿಕ್ಕಿ ಹೋದ ಮೇಲೆ ಕೇರಳದ ಮಾನಂದವಾಡಿ ಕಡೆಯ ಶೀಜಾ ಬಂದಳು. ನಮ್ಮನ್ನೆಲ್ಲ ಅಕ್ಕ ಅನ್ನುವ ಬದಲು ಚೇಚಿ ಅನ್ನುವ ಚುರುಕಿನ ಹುಡುಗಿ, ಸೂಜಿ ಚುಚ್ಚಿದರೆ ನೋವೇ ಗೊತ್ತಾಗುವುದಿಲ್ಲವೆಂದು ಎಲ್ಲರೂ ಹೊಗಳುತ್ತಿದ್ದರು. ಈ ಕಟ್ಟಲೆಯನ್ನು ಅವಳಿಗೆ ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡಬೇಕೆಂದು ನಾವು ಯಾರಿಗಾದರೂ ಹೇಳುತ್ತೇವೆಯೇ?

ಹೋದ ವರ್ಷ ಹೊಗೆಸೊಪ್ಪು ಮುರಿಯುವ ಕಾಲ. ಚಿಕ್ಕಣ್ಣನವರಿಗೆ ಜ್ವರ ಬಂದು, ಎದೆನೋವೆಂದು ಅವರ ತಮ್ಮ ಕಾರು ಮಾಡಿಕೊಂಡು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಾರಿನಲ್ಲಿ ಅವರನ್ನು ಉದ್ದಕ್ಕೆ ಮಲಗಿಸಿದ್ದರಿಂದ ಜಯಮ್ಮನವರಿಗೆ ಜಾಗವಿರಲಿಲ್ಲ. ಮರುದಿನ ಹುಣಸೂರಿನಲ್ಲಿ ಅವರ ಸರದಿಯಿತ್ತು. ಹುಷಾರಾದರೆ ಅಲ್ಲಿಂದ ನೇರವಾಗಿ ಯಂತ್ರಕ್ಕೆ ಕರೆದುಕೊಂಡು ಬರುತ್ತೇವೆ, ನೀನು ಬಸ್ಸಿಗೆ ಅಲ್ಲಿಗೇ ಬಾ ಅಂದಿದ್ದರಂತೆ.

ಮರುದಿನ ತಿಂಡಿ ಮುಗಿಸಿ ನಾನು ಆಲೂಗಡ್ಡೆಯ ಎರಡನೆಯ ನೀರು ಚೆಲ್ಲುತ್ತಿದ್ದೆ. ಫೋನು ಬಂತು.

"ಅವ್ವಾ, ನಾನು ಜಯಮ್ಮ."

"ಹೇಳಿ ಜಯಮ್ಮ. ಹೇಗಿದ್ದಾರೆ ಅವರು?"

"ವಾಸಿಯಂತೆ ಕಣವ್ವ. ನಮ್ ಮೈದ ಈಗ್ತಾನೆ ಫೋನ್ ಮಾಡಿದ್ದ. ಒಂದು ಮಾತು ಮಾತಾಡ್ಸಪ್ಪ ಅಂದ್ರೆ, ನಿದ್ದೆ ಮಾಡ್ತಾವ್ರೆ ಅತ್ಗೆ, ಎಬ್ಬುಸ್ಬ್ಯಾಡಿ ಅಂತ ಡಾಕ್ಟ್ರು ಏಳವ್ರೆ ಅಂದ. ಇವತ್ತು ಎಷ್ಟೊತ್ಗೆ ಸರದಿ ಅಂತ ನೋಡ್ಕಂಡು ಬಸ್ಸತ್ತಾನ ಅಂತ ಒತ್ತುದ್ರೆ, ಅವ್ರ ಹೆಸ್ರೇ ಬತ್ತಾ ಇಲ್ಲ. ಈ ಫೋನು ಮತ್ತೆ ಹಳೇ ಆಟ ಸುರು ಮಾಡ್ತು ಅಂತ ಕಾಣ್ತದೆ. ಏನಾರ ಮಾಡಿ ಅವ್ವ, ನಾನು ಬುತ್ತಿ ಕಟ್ಕಂಡು ಕುಂತಿದ್ದೀನಿ."

"ನೋಡಿ ಹೇಳ್ತೀನಿ, ಇಡಿ" ಎಂದೆ. ಒದ್ದೆ ಕೈಯಲ್ಲೇ ಬಂದು ಕಂಪ್ಯೂಟರಿನ ತೆರೆಯ ಮುಂದೆ ಕೂತೆ. ಅವರ ಹೆಸರಿನ ಜಾಗದಲ್ಲಿ ಪಿರಿಯಾಪಟ್ಟಣದ ಯಾರೋ ಹೆಂಗಸಿನ ಹೆಸರಿತ್ತು. ಕೇಂದ್ರಕ್ಕೆ ಫೋನು ಮಾಡಿದೆ.

"ಹೌದು ಚೇಚಿ" ಎಂದಳು ಶೀಜಾ. "ಮೈಸೂರಿಂದ ಬೆಳಿಗ್ಗೆನೇ ಫೋನ್ ಬಂತು. ನಸುಕಿನಲ್ಲೇ ಹೋಗಿಬಿಟ್ಟರಂತೆ, ಪಾವಂ. ಕಾಯುತ್ತಿದ್ದವರು ಒಬ್ಬರಿಗೆ ತುಂಬಾ ಸೀರಿಯಸ್ ಇತ್ತು, ಅವರನ್ನು ಹಾಕಿಕೊಂಡೆ. ಈಗ ಮಿಷನ್ ಮೇಲೆ ಇದ್ದಾರೆ. ತಪ್ಪಾಯ್ತಾ ಚೇಚಿ?"

"ಇಲ್ಲಮ್ಮ" ಎಂದೆ. ತಪ್ಪೇನಿರಲಿಲ್ಲ. ಆ ಹೆಂಗಸು ಅಲ್ಲಿ ಉಸಿರಾಡುತ್ತಿದ್ದಳು.

ನಮ್ಮ ಕಡೆ ಸಾವಿನ ಸುದ್ದಿಯನ್ನು ಹೆಂಡತಿಗೆ ಫೋನಿನಲ್ಲಿ ಹೇಳುವುದಿಲ್ಲ. ಹುಷಾರಿಲ್ಲ ಅನ್ನುತ್ತಾರೆ, ನಿದ್ದೆ ಮಾಡುತ್ತಿದ್ದಾರೆ ಅನ್ನುತ್ತಾರೆ. ನಾಲ್ಕು ಜನ ನೆಂಟರು ಬಂದು ಅಕ್ಕಪಕ್ಕ ಕೂತ ಮೇಲೆ, ಗಾಡಿ ಊರ ಹತ್ತಿರ ಬಂದ ಮೇಲೆ ಹೇಳುತ್ತಾರೆ. ಆ ತಮ್ಮ ಆಸ್ಪತ್ರೆಯ ಕಾಗದಗಳಿಗೆ ಸಹಿ ಹಾಕುತ್ತಾ ಅತ್ತಿಗೆಗೆ ಆ ಸುಳ್ಳನ್ನು ಕಟ್ಟಿಕೊಟ್ಟಿದ್ದ.

ನಮ್ಮವರು ಪಕ್ಕಕ್ಕೆ ಬಂದು ಕೂತರು. ಎಲ್ಲ ಕೇಳಿಸಿಕೊಂಡಿದ್ದರು. "ಆ ಒಂದು ಫೋನಿಗೆ ಮಾತ್ರ ಹೆಸರು ವಾಪಸ್ ಹಾಕೋದು ಕಷ್ಟವಲ್ಲ ಲೀಲಾ. ಮನೆಯವರು ಬಂದು ಹೇಳೋ ತನಕ" ಎಂದರು.

ಕಷ್ಟವೇ ಇರಲಿಲ್ಲ. ಆ ಫೋನು ಬಾಗಿಲಿಗೆ ಬಂದು ತನ್ನ ಹೆಸರು ಹೇಳುತ್ತಲೇ ಸರ್ವರಿಗೆ ಗುರುತು ಸಿಗುತ್ತದೆ. ಬೇರೆಯವರಿಗೆ ಇವತ್ತಿನ ಪಟ್ಟಿ, ಅದಕ್ಕೆ ಮಾತ್ರ ನಿನ್ನೆಯದು. ಅವರು ಹೇಳಿದ ಹಾಗೆ ಎರಡು ಸಾಲು ಟೈಪ್ ಮಾಡಿದೆ. ಚಿಕ್ಕಣ್ಣ ಅಂತ ಬರೆದೆ. ಹೆಸರಿನ ಮುಂದೆ ಗಂಟೆ ಬರೆಯಬೇಕು. ಅಲ್ಲಿ ನನ್ನ ಬೆರಳು ನಿಂತಿತು. ಮಧ್ಯಾಹ್ನ ಅಂತ ಬರೆದರೆ ಜಯಮ್ಮ ಬುತ್ತಿ ಹಿಡಿದು ಬಸ್ಸು ಹತ್ತುತ್ತಾರೆ. ಅವರು ಇಲ್ಲಿ ಬೆಂಚಿನ ಮೇಲೆ ಕಾಯುತ್ತಾ ಕೂತಿರುವಾಗ, ಮೈಸೂರಿನಿಂದ ಹೊರಟ ಗಾಡಿ ಇನ್ನೊಂದು ರಸ್ತೆಯಲ್ಲಿ ಅವರ ಹಳ್ಳಿಗೆ ಹೋಗಿ ನಿಲ್ಲುತ್ತದೆ.

"ಗಂಟೆ ಹಾಕಬೇಡ, ಹೆಸರೊಂದೇ ಇರಲಿ" ಎಂದರು ನಮ್ಮವರು.

"ಗಂಟೆಯಿಲ್ಲದ ಹೆಸರು ಅಂದರೆ ಏನು ಅಂತ ಹಾಲಿನಲ್ಲಿ ಕೂತ ಯಾವ ಹೆಂಗಸಿಗೆ ಗೊತ್ತಿಲ್ಲ?" ಎಂದೆ.

ಬರೆದ ಸಾಲುಗಳನ್ನು ಅಳಿಸಿದೆ. ಅಷ್ಟರಲ್ಲಿ ಮತ್ತೆ ಫೋನು ಬಂತು.

"ಸರಿ ಮಾಡಿದ್ರಾ ಅವ್ವ? ಬಸ್ ಬರೋ ಹೊತ್ತಾಯ್ತು."

"ಜಯಮ್ಮ, ಮನೇಲಿ ಜೊತೆಗೆ ಯಾರಿದ್ದಾರೆ?"

"ಯಾರವ್ರೆ ಕಣವ್ವ. ಎಲ್ಲಾ ಸೊಪ್ಪು ಮುರಿಯಾಕೆ ಹೋಗವ್ರೆ."

"ಪಕ್ಕದ ಮನೆಯವರನ್ನ ಯಾರನ್ನಾದರೂ ಕೂಗಿ, ಜೊತೆಗೆ ಕೂರಿಸಿಕೊಳ್ಳಿ."

"ಅವ್ರಿಗೇನು ಗೊತ್ತಾಯ್ತದೆ ಫೋನಿನ್ ಇಚಾರ?" ಎಂದು ನಕ್ಕರು. ನಗು ಅರ್ಧಕ್ಕೆ ನಿಂತಿತು. "ಯಾಕವ್ವ?"

ಸುತ್ತಿ ಬರುವ ಅಭ್ಯಾಸ ನನ್ನದು. ಆ ಹೊತ್ತಿನಲ್ಲಿ ಒಂದು ಸುತ್ತುದಾರಿಯೂ ಸಿಕ್ಕಲಿಲ್ಲ.

"ಫೋನು ಸರಿಯಾಗಿದೆ ಜಯಮ್ಮ. ಅದು ತೋರಿಸ್ತಿರೋದು ಇವತ್ತಿನ ಪಟ್ಟಿನೇ."

ಆ ಕಡೆ ಹೇಂಟೆಯೊಂದು ಕೊಕ್ಕೊಕ್ ಅನ್ನುತ್ತಿರುವುದು ಕೇಳಿಸುತ್ತಿತ್ತು. ದೂರದಲ್ಲಿ ಬಸ್ಸು ಹಾರನ್ ಹೊಡೆಯಿತು, ಮತ್ತೊಮ್ಮೆ ಹೊಡೆಯಿತು, ಹೊರಟುಹೋಯಿತು. ಆಮೇಲೆ ಜಯಮ್ಮ, ಯಾರನ್ನೋ ಎಬ್ಬಿಸಬಾರದು ಅನ್ನುವಷ್ಟು ಮೆಲ್ಲಗೆ ಕೇಳಿದರು.

"ಇನ್ನೊಂದ್ ಕಿತ ಒತ್ತಿ ನೋಡ್ಲಾ ಅವ್ವ?"

"ಬೇಡ ಜಯಮ್ಮ" ಎಂದೆ.

ಫೋನು ಕಟ್ಟಾಯಿತು. ನಾನು ತೆರೆಯ ಮುಂದಿನಿಂದ ಏಳಲಿಲ್ಲ. ಯಾವ ಫೋನು ಬಂದು ಪಟ್ಟಿ ಕೇಳಿದರೂ ಅಲ್ಲಿ ಅದರ ಗುರುತಿನ ಒಂದು ಸಾಲು ಮೂಡುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಸಾಲು ಮೂಡಿತು. ಜಯಮ್ಮನವರ ಫೋನು. ಒತ್ತಿದ್ದರು. ಸರ್ವರು ಆ ಕ್ಷಣದ ಪಟ್ಟಿಯನ್ನು, ಒಂದಕ್ಷರವೂ ಹಳೆಯದಿಲ್ಲದಂತೆ, ಕಳಿಸಿತು. ಇನ್ನೊಂದು ಸಾಲು ಮೂಡಿತು. ಮತ್ತೆ ಕಳಿಸಿತು. ನಮ್ಮವರು ಕೈ ಚಾಚಿ ತೆರೆಯನ್ನು ಆರಿಸಿದರು. ಕೆಳಗೆ ಶೋಕೇಸಿನ ಹತ್ತಿರ ಕಂಪ್ಯೂಟರು ತನ್ನ ಪಾಡಿಗೆ ಗುಂಯ್ ಅನ್ನುತ್ತಾ ಉತ್ತರ ಕೊಡುತ್ತಲೇ ಇತ್ತು.